ಹದಿನೆಂಟಕ್ಕೆ ಸಮವಸ್ತ್ರ: ಸಿಂಗಪುರದ ಸೇನೆ ಬದಲಾದ ಬಗೆ, ನಮ್ಮ ಮನೆಗಳ ಲೆಕ್ಕ

ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಗಂಡುಮಗ ಹೈಸ್ಕೂಲು ಮೆಟ್ಟಿಲು ಹತ್ತಿದ ಮೇಲೆ ಒಂದು ಮಾತು ಪದೇ ಪದೇ ಬರುತ್ತದೆ: ಎನ್‌ಎಸ್. ನ್ಯಾಷನಲ್ ಸರ್ವಿಸ್ ಎಂಬುದರ ಚಿಕ್ಕ ರೂಪ. ಎರಡು ವರ್ಷದ ಕಡ್ಡಾಯ ಸೇವೆ. ಸೇನೆ, ಪೊಲೀಸ್ ಅಥವಾ ಸಿವಿಲ್ ಡಿಫೆನ್ಸ್, ಮೂರರಲ್ಲಿ ಒಂದು. ಎಲ್ಲಿಗೆ ಎಂಬುದನ್ನು ತೀರ್ಮಾನಿಸುವುದು ಸರ್ಕಾರ. ಊರಿನಿಂದ ಫೋನ್ ಮಾಡುವ ಅಜ್ಜಿಯರಿಗೆ ಇದು ಅರ್ಥವಾಗುವುದಿಲ್ಲ. ‘ಅಪ್ಪ ಹೋಗಿದ್ದು ಕಂಪ್ಯೂಟರ್ ಕೆಲಸಕ್ಕೆ, ಮೊಮ್ಮಗ ಯಾಕೆ ಬಂದೂಕು ಹಿಡೀಬೇಕು?’ ಎಂಬ ಪ್ರಶ್ನೆಗೆ ವಾಟ್ಸ್‌ಆ್ಯಪ್ ಕರೆಯಲ್ಲಿ ಉತ್ತರ ಹೇಳುವುದು ಸುಲಭವಲ್ಲ.

ಪ್ರಶ್ನೆ ಬರೀ ಭಾವನೆಯದಲ್ಲ. ಕಾಯಂ ವಾಸದ ಹಕ್ಕಿಗೆ, ಅಂದರೆ ಪಿಆರ್‌ಗೆ ಅರ್ಜಿ ಹಾಕುವಾಗ ಅಪ್ಪ ಅಮ್ಮ ಮಗನ ಹೆಸರನ್ನೂ ಸೇರಿಸಿದರೆ, ಆ ಮಗನಿಗೆ ಈ ಸೇವೆ ಕಡ್ಡಾಯ. ಕೆಲಸದ ಆಧಾರದ ಮೇಲೆ ಮೊದಲು ಪಿಆರ್ ಪಡೆದ ಅಪ್ಪನಿಗೆ ವಿನಾಯಿತಿ ಇದೆ. ಅಪ್ಪನ ಪ್ರಾಯೋಜಕತ್ವದಲ್ಲಿ ಪಿಆರ್ ಪಡೆದ ಮಗನಿಗೆ ಇಲ್ಲ. ಮಗನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಸರಿ, ಹದಿನಾರೂವರೆ ವರ್ಷಕ್ಕೆ ಹೆಸರು ನೋಂದಾಯಿಸಬೇಕು, ವೈದ್ಯಕೀಯ ತಪಾಸಣೆಗೆ ಹೋಗಬೇಕು, ಹದಿನೆಂಟರ ಮೇಲೆ ಕರೆ ಬಂದಾಗ ಹಾಜರಾಗಬೇಕು.

ಹಾಗಾಗಿ ಈ ಸೇನೆ ಹೇಗೆ ತರಬೇತಿ ಕೊಡುತ್ತದೆ, ಯಾರು ಅದನ್ನು ನಡೆಸುತ್ತಾರೆ, ತಪ್ಪಾದಾಗ ಯಾರು ಹೊಣೆ ಹೊರುತ್ತಾರೆ ಎನ್ನುವುದು ನಮ್ಮ ಮನೆಗಳ ವಿಷಯವೂ ಹೌದು. ಕಳೆದ ಎರಡು ದಶಕಗಳಲ್ಲಿ ಅಲ್ಲಿ ಬದಲಾದದ್ದು ಬಹಳ. ಬದಲಾಗದೆ ಉಳಿದದ್ದೂ ಇದೆ.

ಭಾರತದ ಬಾಗಿಲೂ ತಟ್ಟಿದ್ದರು

1965ರ ಆಗಸ್ಟ್‌ನಲ್ಲಿ ಮಲೇಷ್ಯಾದಿಂದ ಬೇರ್ಪಟ್ಟು ಸಿಂಗಪುರ ಸ್ವತಂತ್ರವಾದಾಗ ಅದರ ಬಳಿ ಇದ್ದದ್ದು ಎರಡೇ ಕಾಲಾಳು ಪಡೆಗಳು. ಪ್ರಧಾನಿ ಲೀ ಕ್ವಾನ್ ಯೂ ಸಹಾಯ ಕೇಳಿ ಪತ್ರ ಬರೆದವರಲ್ಲಿ ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಕೂಡ ಒಬ್ಬರು. ಸೇನೆ ಕಟ್ಟಲು ಸಲಹೆಗಾರರನ್ನು ಕಳಿಸಿ ಎಂಬುದು ಬೇಡಿಕೆ. ಶಾಸ್ತ್ರಿಯವರಿಂದ ಹಾರೈಕೆಯ ಉತ್ತರ ಬಂತು, ಸೇನಾ ನೆರವಿನ ಪ್ರಸ್ತಾಪ ಅದರಲ್ಲಿರಲಿಲ್ಲ ಎಂದು ಲೀ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಈಜಿಪ್ಟನ್ನೂ ಕೇಳಿದರು, ಅಲ್ಲೂ ಕೈಗೂಡಲಿಲ್ಲ. ಕೊನೆಗೆ ಬಂದವರು ಇಸ್ರೇಲಿಗರು. ಮುಸ್ಲಿಂ ನೆರೆದೇಶಗಳ ಕಣ್ಣು ಕೆಂಪಾಗದಿರಲಿ ಎಂದು ಅವರನ್ನು ‘ಮೆಕ್ಸಿಕನ್ನರು’ ಎಂದು ಕರೆಯಲಾಗುತ್ತಿತ್ತು.

ರಕ್ಷಣಾ ಸಚಿವರಾಗಿದ್ದ ಗೋ ಕೆಂಗ್ ಸ್ವೀ ಅವರ ಲೆಕ್ಕ ನೇರವಾಗಿತ್ತು. ಇಷ್ಟು ಚಿಕ್ಕ ದೇಶ ದೊಡ್ಡ ಕಾಯಂ ಸೇನೆ ಸಾಕಲಾರದು. ಎಲ್ಲ ಹುಡುಗರಿಗೂ ಕೆಲವು ವರ್ಷ ತರಬೇತಿ ಕೊಟ್ಟು, ಆಮೇಲೆ ಮೀಸಲು ಪಡೆಯಲ್ಲಿಟ್ಟರೆ ಬೇಕಾದಾಗ ಕರೆಯಬಹುದು. 1967ರ ಮಾರ್ಚ್‌ನಲ್ಲಿ ಕಾನೂನಾಯಿತು, ಅದೇ ವರ್ಷ ಮೊದಲ ತಂಡ ಸೇರಿತು. 1971ರ ಹೊತ್ತಿಗೆ ಬ್ರಿಟಿಷ್ ಪಡೆಗಳು ಬಹುತೇಕ ಹೊರಟುಹೋದವು. ಅಲ್ಲಿಂದ ಇಲ್ಲಿಯವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಗಂಡಸರು ಈ ಸೇವೆ ಮುಗಿಸಿದ್ದಾರೆ.

ನಮ್ಮ ಕಡೆಯ ಜನರಿಗೆ ಸೈನಿಕ ಎಂದರೆ ಸ್ವಂತ ಇಚ್ಛೆಯಿಂದ ಹೋದವನು. ಕೊಡಗಿನ ಮನೆತನಗಳು, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಲ್ಲವೂ ಆ ಪರಂಪರೆಯವು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲೂ ನಾಲ್ಕು ವರ್ಷದ ಸೇವೆಗೆ ಅರ್ಜಿ ಹಾಕುವವನು ಹುಡುಗನೇ. ಸಿಂಗಪುರದಲ್ಲಿ ಹಾಗಲ್ಲ. ಮಂತ್ರಿಯ ಮಗನಿಗೂ ಟ್ಯಾಕ್ಸಿ ಚಾಲಕನ ಮಗನಿಗೂ ಒಂದೇ ಕರೆಪತ್ರ. ಸೇನೆಯ ಮೇಲೆ ಅಲ್ಲಿನ ಪ್ರತಿ ತಾಯಿಯ ಕಣ್ಣು ನೆಟ್ಟಿರುವುದಕ್ಕೂ ಕಾರಣ ಇದೇ.

ಟೆಕಾಂಗ್ ದ್ವೀಪದ ಒಂಬತ್ತು ವಾರ

ಸೇನೆಗೆ ಆಯ್ಕೆಯಾದ ಹೆಚ್ಚಿನ ಹುಡುಗರು ಮೊದಲು ಹೋಗುವುದು ಪುಲಾವ್ ಟೆಕಾಂಗ್ ದ್ವೀಪಕ್ಕೆ. ಚಾಂಗಿಯ ಸೇನಾ ಫೆರಿ ನಿಲ್ದಾಣದಿಂದ ದೋಣಿ. ಮೊದಲ ದಿನ ಅಪ್ಪ ಅಮ್ಮನೂ ಜತೆಗೆ ಹೋಗಬಹುದು. ಮಲಗುವ ಕೋಣೆ ನೋಡಬಹುದು, ಅಲ್ಲಿನ ಕುಕ್‌ಹೌಸ್‌ನಲ್ಲಿ ಮಗನ ಜತೆ ಊಟ ಮಾಡಬಹುದು. ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಇರುತ್ತದೆ, ಮುಸ್ಲಿಮರಿಗೂ ಬೇರೆ. ‘ಊಟಕ್ಕೇನು ಮಾಡ್ತಾನೋ’ ಎಂದು ಕೊರಗುವ ಮನೆಗಳಿಗೆ ಇದು ಮೊದಲ ಸಮಾಧಾನ. ಆಮೇಲೆ ಪೋಷಕರು ದೋಣಿ ಹತ್ತಿ ವಾಪಸಾಗುತ್ತಾರೆ. ಮೊದಲ ಎರಡು ವಾರ ಹುಡುಗರಿಗೆ ಮನೆಗೆ ಬರಲು ಬಿಡುವಿಲ್ಲ. ಅದಾದ ಮೇಲೆ ಸಾಮಾನ್ಯವಾಗಿ ವಾರಾಂತ್ಯಕ್ಕೆ ಮನೆ. ಅವರ ಭಾಷೆಯಲ್ಲಿ ಅದು ‘ಬುಕ್ ಔಟ್’.

ಮೂಲ ತರಬೇತಿ ಸಾಮಾನ್ಯವಾಗಿ ಒಂಬತ್ತು ವಾರ. ಕವಾಯತು, ಸಿಂಗಪುರದಲ್ಲೇ ತಯಾರಾದ ಎಸ್‌ಎಆರ್ 21 ರೈಫಲ್, ಕಾಡಿನಲ್ಲಿ ವಾಸ, ಗ್ರೆನೇಡ್ ಎಸೆತ, ಕೊನೆಗೆ ಬೆನ್ನ ಮೇಲೆ ಹೊರೆ ಹೊತ್ತು 24 ಕಿಲೋಮೀಟರ್ ನಡಿಗೆ. ಪಾಠ ಇಂಗ್ಲಿಷ್‌ನಲ್ಲಿ, ಕವಾಯತಿನ ಆಜ್ಞೆಗಳು ಮಾತ್ರ ಮಲಯ್‌ನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಹುಡುಗ ‘ಸೆಡಿಯಾ’ ಎಂದೊಡನೆ ಸೆಟೆದು ನಿಲ್ಲಲು ಕಲಿಯುತ್ತಾನೆ.

ದೇಹ ದಪ್ಪಗಿರುವವರಿಗೆ ಬೇರೆಯದೇ ತರಬೇತಿ, ಅವಧಿಯೂ 19 ವಾರ. ಆರೋಗ್ಯದ ತೊಂದರೆ ಇದ್ದವರಿಗೆ ಪೆಸ್ ಎಂಬ ವೈದ್ಯಕೀಯ ದರ್ಜೆಯ ಪ್ರಕಾರ ಹಗುರ ತರಬೇತಿ. ಹಿಂದೆಲ್ಲ ಕೆಳ ದರ್ಜೆ ಬಂದವನಿಗೆ ಗುಮಾಸ್ತಿಕೆ ಅಥವಾ ಉಗ್ರಾಣದ ಕೆಲಸ ಎಂದೇ ಲೆಕ್ಕ. ಈಗ ಆ ಎಣಿಕೆ ಬದಲಾಗುತ್ತಿದೆ. ಹುಡುಗ ಏನು ಮಾಡಲಾರ ಎನ್ನುವುದಕ್ಕಿಂತ ಏನು ಮಾಡಬಲ್ಲ ಎಂದು ನೋಡಿ, ಯಂತ್ರ ಮತ್ತು ತಂತ್ರಜ್ಞಾನದ ನೆರವಿನಿಂದ ಹಲವು ಹುದ್ದೆಗಳನ್ನು ಮರುರೂಪಿಸಲಾಗಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ದೇಶಕ್ಕೆ ಯಾರನ್ನೂ ಬದಿಗೆ ಸರಿಸುವ ಸೌಲಭ್ಯ ಇಲ್ಲ ಎಂಬ ಸತ್ಯವೂ ಇದರ ಹಿಂದಿದೆ.

ಇಳಿದ ಅವಧಿ, ಸರಳವಾದ ಪರೀಕ್ಷೆ

2004ರವರೆಗೆ ಕಾರ್ಪೊರಲ್ ಮತ್ತು ಅದಕ್ಕಿಂತ ಮೇಲಿನ ದರ್ಜೆಯವರಿಗೆ ಸೇವೆ ಎರಡೂವರೆ ವರ್ಷ ಇತ್ತು. ಆ ವರ್ಷ ಎಲ್ಲರಿಗೂ ಎರಡು ವರ್ಷ ಎಂದಾಯಿತು. ಸೇರುವ ಮುನ್ನವೇ ದೈಹಿಕ ಪರೀಕ್ಷೆ ಪಾಸಾದ, ಆರೋಗ್ಯ ದರ್ಜೆ ಚೆನ್ನಾಗಿರುವ ಹುಡುಗರಿಗೆ ಅದರಲ್ಲೂ ಎರಡು ತಿಂಗಳ ರಿಯಾಯಿತಿ. ಹಾಗಾಗಿ ಹದಿನೇಳರ ಹುಡುಗ ಸಂಜೆ ಓಡಲು ಹೊರಟರೆ ಅಮ್ಮಂದಿರು ತಡೆಯಬಾರದು. ಎರಡು ತಿಂಗಳು ಉಳಿಯುತ್ತದೆ.

ಐಪಿಪಿಟಿ ಎಂಬ ಈ ದೈಹಿಕ ಪರೀಕ್ಷೆಯೇ ಬದಲಾದ ರೀತಿ ಗಮನಿಸುವಂಥದ್ದು. ಮೊದಲು ಐದು ಬಗೆ ಇದ್ದವು: ಸಿಟ್‌ಅಪ್, ನಿಂತಲ್ಲಿಂದ ಜಿಗಿತ, ಚಿನ್‌ಅಪ್, ಷಟಲ್ ಓಟ, 2.4 ಕಿಲೋಮೀಟರ್ ಓಟ. ಒಂದರಲ್ಲಿ ಸೋತರೂ ಫೇಲು. ಚಿನ್‌ಅಪ್‌ನ ಕಂಬಿಯಲ್ಲಿ ನೇತಾಡಿ ಸೋತವರು ಅಸಂಖ್ಯ. 2014ರಲ್ಲಿ ಪ್ರಕಟಿಸಿ 2015ರಿಂದ ಜಾರಿಗೆ ತಂದ ಹೊಸ ಕ್ರಮದಲ್ಲಿ ಮೂರೇ ಇವೆ: ಪುಷ್‌ಅಪ್, ಸಿಟ್‌ಅಪ್, ಓಟ. ನೂರಕ್ಕೆ ಅಂಕ, ವಯಸ್ಸಿಗೆ ತಕ್ಕ ಮಾನದಂಡ. ಒಂದರಲ್ಲಿ ಹಿಂದುಳಿದರೆ ಇನ್ನೊಂದರಲ್ಲಿ ಸರಿದೂಗಿಸಬಹುದು.

‘ಸಡಿಲ ಮಾಡಿಬಿಟ್ಟರು’ ಎಂದು ಹಳಬರು ಗೊಣಗಿದರು. ‘ನಮ್ಮ ಕಾಲದಲ್ಲಿ...’ ಎಂದು ಶುರುವಾಗುವ ಮಾತು ಅಲ್ಲೂ ಇದೆ. ಸೇನೆಯ ವಾದ ಬೇರೆ. ಮನೆಯಲ್ಲೂ ಅಭ್ಯಾಸ ಮಾಡಬಹುದಾದ ಸರಳ ಪರೀಕ್ಷೆಯಿದ್ದರೆ ಜನ ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಕಚೇರಿ ಕೆಲಸಕ್ಕೆ ಮರಳಿದ ಮೂವತ್ತರ ಮೀಸಲು ಸೈನಿಕನಿಗೆ ಇದು ಮುಖ್ಯ.

ನಾಲ್ಕು ಸಾವು, ಒಂದು ತಿರುವು

ನಿಜವಾದ ಬದಲಾವಣೆ ತಂದದ್ದು ಪರೀಕ್ಷೆಯಲ್ಲ, ಸಾವುಗಳು.

2012ರ ಏಪ್ರಿಲ್‌ನಲ್ಲಿ ತರಬೇತಿಯ ವೇಳೆ ಹೊಗೆ ಗ್ರೆನೇಡ್‌ನ ಹೊಗೆ ಕುಡಿದು ಒಬ್ಬ ಹುಡುಗ ತೀರಿಕೊಂಡ. ಹೊಗೆಗೆ ದೇಹ ತೀವ್ರವಾಗಿ ಪ್ರತಿಕ್ರಿಯಿಸಿತ್ತು. ಎರಡು ಗ್ರೆನೇಡ್ ಎಸೆಯಬೇಕಾದಲ್ಲಿ ಆರು ಎಸೆದಿದ್ದರು ಎಂದು ವಿಚಾರಣಾ ಸಮಿತಿ ಹೇಳಿತು. ಕುಟುಂಬ ಹೂಡಿದ ಸಿವಿಲ್ ದಾವೆಯನ್ನು 2016ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಕರ್ತವ್ಯದ ವೇಳೆ ನಡೆದ ಇಂಥ ಸಾವಿಗೆ ಸರ್ಕಾರ ಮತ್ತು ಸೇನೆಯ ವಿರುದ್ಧ ಪರಿಹಾರದ ದಾವೆ ಹೂಡಲು ಅಲ್ಲಿನ ಕಾನೂನಿನ ರಕ್ಷಣೆ ಅಡ್ಡ ಬರುತ್ತದೆ. ಪೋಷಕರು ತಿಳಿದಿರಬೇಕಾದ ಕಹಿ ವಿಷಯ ಇದು.

2017ರ ಸೆಪ್ಟೆಂಬರ್‌ನಿಂದ 2019ರ ಜನವರಿವರೆಗೆ ಸೇನೆಯಲ್ಲಿ ಮತ್ತೆ ಸಾಲು ಸಾಲು ದುರಂತ. ಆಸ್ಟ್ರೇಲಿಯಾದ ಷೋಲ್‌ವಾಟರ್ ಬೇ ತರಬೇತಿ ಪ್ರದೇಶದಲ್ಲಿ ಶಸ್ತ್ರಸಜ್ಜಿತ ವಾಹನದ ಅಪಘಾತದಲ್ಲಿ ಒಬ್ಬ. 2018ರ ಏಪ್ರಿಲ್‌ನಲ್ಲಿ ಎಂಟು ಕಿಲೋಮೀಟರ್ ವೇಗದ ನಡಿಗೆಯ ನಂತರ ಬಿಸಿಲಿನ ಆಘಾತಕ್ಕೆ ಒಬ್ಬ. ಅದೇ ನವೆಂಬರ್‌ನಲ್ಲಿ ಶಸ್ತ್ರಸಜ್ಜಿತ ವಾಹನ ಹಿಂದಕ್ಕೆ ಬಂದು ಲ್ಯಾಂಡ್ ರೋವರ್ ಮೇಲೆ ಹತ್ತಿ ಒಬ್ಬ. 2019ರ ಜನವರಿಯಲ್ಲಿ ನ್ಯೂಜಿಲೆಂಡ್‌ನ ವೈಯೂರು ಪ್ರದೇಶದಲ್ಲಿ ಸ್ವಯಂಚಾಲಿತ ಫಿರಂಗಿಯೊಳಗೆ ದುರಸ್ತಿ ಮಾಡುತ್ತಿದ್ದ ಮೀಸಲು ಸೈನಿಕ ಅಲೋಷಿಯಸ್ ಪಾಂಗ್ ಫಿರಂಗಿ ನಳಿಕೆಗೆ ಸಿಲುಕಿ ಗಾಯಗೊಂಡು, ನಾಲ್ಕು ದಿನಗಳ ನಂತರ ತೀರಿಕೊಂಡರು. ಅವರು ಮನೆಮಾತಾಗಿದ್ದ ಕಿರುತೆರೆ ನಟ. ದೇಶವೇ ಅತ್ತಿತು.

ಈ ನಡುವೆ 2018ರ ಮೇನಲ್ಲಿ ಸಿವಿಲ್ ಡಿಫೆನ್ಸ್‌ನ ಅಗ್ನಿಶಾಮಕ ಠಾಣೆಯೊಂದರಲ್ಲಿ, ಸೇವೆ ಮುಗಿಯುವ ಸಂಭ್ರಮದ ಹೆಸರಿನಲ್ಲಿ ನಡೆದ ರ‍್ಯಾಗಿಂಗ್‌ನಲ್ಲಿ ಬಾವಿಯಂಥ ನೀರಿನ ತೊಟ್ಟಿಗೆ ಬಿದ್ದು ಒಬ್ಬ ಹುಡುಗ ಸತ್ತ. ಸೇನೆಗೆ ಹೋಗದೆ ಬೇರೆ ಪಡೆಗೆ ಹೋದರೆ ಅಪಾಯವಿಲ್ಲ ಎಂದುಕೊಂಡಿದ್ದ ಮನೆಗಳೂ ಬೆಚ್ಚಿದವು.

ಪಾಂಗ್ ಸಾವಿನ ನಂತರ ಆಗಿನ ಸೇನಾ ಮುಖ್ಯಸ್ಥ ಮೆಲ್ವಿನ್ ಓಂಗ್ ತರಬೇತಿಯ ವೇಗ ತಗ್ಗಿಸಿದರು. ಕೆಲವು ಕಡೆ ತರಬೇತಿ ನಿಲ್ಲಿಸಿ, ಪ್ರತಿ ಘಟಕವೂ ತನ್ನ ಕ್ರಮಗಳನ್ನು ಮರುಪರಿಶೀಲಿಸಬೇಕು ಎಂದಾಯಿತು. 2019ರ ಫೆಬ್ರುವರಿಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಶುರುವಾಯಿತು. ಇದು ಸೇನಾ ಮುಖ್ಯಸ್ಥರಿಗೆ ನೇರವಾಗಿ ವರದಿ ಕೊಡುತ್ತದೆ. ಯಾವ ಪಡೆಯ ಯಾವ ಶಿಬಿರಕ್ಕೂ ಹೋಗಿ ಸುರಕ್ಷತೆ ತಪಾಸಣೆ ಮಾಡುವ ಅಧಿಕಾರ ಅದಕ್ಕಿದೆ. 2013ರಲ್ಲೇ ರಚನೆಯಾಗಿದ್ದ ಹೊರಗಿನ ತಜ್ಞರ ಸಮಿತಿಯೂ ಜತೆಗಿದೆ. ಸೈನಿಕರು ಅಪಾಯ ಕಂಡರೆ ಮೇಲಧಿಕಾರಿಯನ್ನು ದಾಟಿ ನೇರವಾಗಿ ತಿಳಿಸಲು ದಿನದ 24 ಗಂಟೆಯೂ ದೂರವಾಣಿ ವ್ಯವಸ್ಥೆ ಇದೆ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಟೀಕೆ ಬಂತು. ಟೀಕೆಯಲ್ಲಿ ಸತ್ಯವಿದೆ. ಆದರೆ ತೋಡಿದ ಬಾವಿ ಉಳಿದಿದೆ ಎಂಬುದೂ ಸತ್ಯ.

ಬಿಸಿಲಿನ ಲೆಕ್ಕಾಚಾರ

ದಿನನಿತ್ಯದ ತರಬೇತಿಯಲ್ಲಿ ಬದಲಾವಣೆ ಹೆಚ್ಚು ಕಾಣುವುದು ಬಿಸಿಲಿನ ವಿಷಯದಲ್ಲಿ. ಸಿಂಗಪುರ ಸಮಭಾಜಕ ವೃತ್ತದಿಂದ ಕೂಗಳತೆಯಲ್ಲಿದೆ. ಮಂಗಳೂರಿನ ಏಪ್ರಿಲ್ ಸೆಖೆ ಅಲ್ಲಿ ಹನ್ನೆರಡು ತಿಂಗಳೂ ಇರುತ್ತದೆ ಎಂದುಕೊಳ್ಳಿ. ಬೆವರು ಒಣಗದ ಹವೆಯಲ್ಲಿ ದೇಹ ತಣಿಯುವುದಿಲ್ಲ. ಒಳಗಿನ ಶಾಖ ಏರುತ್ತಲೇ ಹೋಗಿ ಮಿದುಳು, ಮೂತ್ರಪಿಂಡ, ಯಕೃತ್ತಿಗೆ ಪೆಟ್ಟು ಬೀಳುತ್ತದೆ.

ಹಾಗಾಗಿ ಬರೀ ತಾಪಮಾನವಲ್ಲದೆ ತೇವಾಂಶ, ಬಿಸಿಲು, ಗಾಳಿ ಮೂರನ್ನೂ ಲೆಕ್ಕ ಹಾಕುವ ಉಪಕರಣದಿಂದ ಅಳೆಯುತ್ತಾರೆ. ಆ ಅಂಕಿಗೆ ತಕ್ಕಂತೆ ಎಷ್ಟು ಹೊತ್ತು ಶ್ರಮ, ಎಷ್ಟು ಹೊತ್ತು ನೆರಳಿನಲ್ಲಿ ವಿಶ್ರಾಂತಿ ಎಂಬುದು ನಿಗದಿ. ಶ್ರಮದ ತರಬೇತಿಗೆ ಮುನ್ನ ಎಲ್ಲರೂ ಸಾಲಾಗಿ ನಿಂತು ನೀರು ಕುಡಿಯಬೇಕು. ಮೂತ್ರದ ಬಣ್ಣ ನೋಡಿ ದೇಹದಲ್ಲಿ ನೀರು ಸಾಕೇ ಎಂದು ತಿಳಿಯುವ ಚಾರ್ಟ್ ಶೌಚಾಲಯದ ಗೋಡೆಯಲ್ಲೇ ಇರುತ್ತದೆ. ಶ್ರಮದ ನಂತರ ಮುಂಗೈಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಕೂರಿಸುವ ಕ್ರಮವೂ ಇದೆ. ಕೈಯ ರಕ್ತನಾಳಗಳ ಮೂಲಕ ಇಡೀ ದೇಹದ ಶಾಖ ಇಳಿಯುತ್ತದೆ ಎಂಬುದು ಅದರ ತರ್ಕ. ರಾತ್ರಿ ಏಳು ಗಂಟೆ ನಿದ್ದೆ ಸಿಗಬೇಕು ಎಂಬುದು ತರಬೇತಿ ಸುರಕ್ಷತೆಯ ನಿಯಮಗಳಲ್ಲೊಂದು.

ನಿಯಮ ಎಷ್ಟಿದ್ದರೂ ಒಂದು ವಿಷಯ ಹುಡುಗನ ಕೈಯಲ್ಲೇ ಇದೆ. ಜ್ವರ, ಭೇದಿ, ನಿದ್ದೆಗೇಡು ಇದ್ದಾಗ ‘ನಾನು ಹಿಂದೆ ಬೀಳಬಾರದು’ ಎಂದು ಬಾಯಿ ಮುಚ್ಚಿಕೊಂಡು ಓಡುವುದೇ ಅಪಾಯದ ಮೂಲ. ‘ಆಗುತ್ತಿಲ್ಲ’ ಎಂದು ಹೇಳುವುದು ಹೇಡಿತನವಲ್ಲ ಎಂಬುದನ್ನು ಹುಡುಗ ಮನೆಯಲ್ಲೇ ಕಲಿತು ಹೋದರೆ ಒಳ್ಳೆಯದು.

ಇಪ್ಪತ್ತರ ಸಾರ್ಜೆಂಟ್, ನಲವತ್ತರ ಜನರಲ್

ಭಾರತೀಯ ಸೇನೆಯಲ್ಲಿ ಜವಾನನ ಮೇಲೆ ಇರುವವರು ನಾಯಕ್, ಹವಾಲ್ದಾರ್, ಸುಬೇದಾರ್. ಹತ್ತಿಪ್ಪತ್ತು ವರ್ಷ ಸೇವೆ ಮಾಡಿ ಪಳಗಿದವರು. ಸಿಂಗಪುರದ ಕಡ್ಡಾಯ ಸೇವೆಯಲ್ಲಿ ಹತ್ತೊಂಬತ್ತರ ಹುಡುಗನಿಗೆ ಆಜ್ಞೆ ಕೊಡುವ ಸಾರ್ಜೆಂಟ್‌ಗೂ ಹೆಚ್ಚಾಗಿ ಇಪ್ಪತ್ತೇ ವರ್ಷ. ಮೂಲ ತರಬೇತಿಯಲ್ಲಿ ಚುರುಕಾಗಿ ಕಂಡವರನ್ನು ಸ್ಪೆಷಲಿಸ್ಟ್ ಕೆಡೆಟ್ ಶಾಲೆಗೆ ಕಳಿಸಿ ಸಾರ್ಜೆಂಟ್ ಮಾಡುತ್ತಾರೆ. ಇನ್ನು ಕೆಲವರು ಆಫೀಸರ್ ಕೆಡೆಟ್ ಶಾಲೆಗೆ ಹೋಗಿ ಲೆಫ್ಟಿನೆಂಟ್ ಆಗುತ್ತಾರೆ. ಅವರೂ ಎರಡು ವರ್ಷ ಮುಗಿದೊಡನೆ ಕಾಲೇಜಿಗೆ ಹೊರಡುವವರೇ.

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ಇಪ್ಪತ್ತಕ್ಕೇ ಮೂವತ್ತು ಜನರ ಜವಾಬ್ದಾರಿ ಹೊರುವ ಹುಡುಗ ಬೇರೆಲ್ಲೂ ಕಲಿಯದ ನಾಯಕತ್ವ ಕಲಿಯುತ್ತಾನೆ. ಆದರೆ ಗ್ರೆನೇಡ್ ಎಷ್ಟು ಎಸೆಯಬೇಕು, ಬಳಲಿದವನನ್ನು ಯಾವಾಗ ಕೂರಿಸಬೇಕು ಎಂಬ ತೀರ್ಮಾನವೂ ಎಳೆಯ ಕೈಯಲ್ಲೇ ಇರುತ್ತದೆ. ಅನುಭವ ಕಡಿಮೆ ಇರುವಲ್ಲಿ ನಿಯಮವೇ ಊರುಗೋಲು. ಸುರಕ್ಷತೆಯ ಪಟ್ಟಿಗಳು, ಅಳತೆಗಳು, ತಪಾಸಣೆಗಳು ಅಷ್ಟೊಂದು ಬೆಳೆದಿರುವುದಕ್ಕೆ ಇದೂ ಕಾರಣ.

ತುದಿಯಲ್ಲಿಯೂ ವಯಸ್ಸು ಕಡಿಮೆಯೇ. ಸೇನಾ ವಿದ್ಯಾರ್ಥಿವೇತನದಲ್ಲಿ ವಿದೇಶದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದವರು ಬೇಗ ಬೇಗ ಮೇಲೇರಿ, ನಲವತ್ತರ ಆಸುಪಾಸಿನಲ್ಲೇ ಜನರಲ್‌ಗಳಾಗುತ್ತಾರೆ. ಕೆಲವೇ ವರ್ಷ ಹುದ್ದೆಯಲ್ಲಿದ್ದು ಮುಂದಿನವರಿಗೆ ಜಾಗ ಬಿಡುತ್ತಾರೆ. ಅಲ್ಲಿಂದ ರಾಜಕೀಯಕ್ಕೆ ಹೋದವರೂ ಹಲವರು. ಮಾಜಿ ಪ್ರಧಾನಿ ಲೀ ಸೀನ್ ಲೂಂಗ್ ಬ್ರಿಗೇಡಿಯರ್ ಜನರಲ್ ಆಗಿದ್ದವರು. 2025ರ ಮೇನಲ್ಲಿ ರಕ್ಷಣಾ ಸಚಿವರಾದ ಚಾನ್ ಚುನ್ ಸಿಂಗ್ 2010ರಿಂದ 2011ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅವರಿಗಿಂತ ಮೊದಲು ಹದಿನಾಲ್ಕು ವರ್ಷ ಆ ಖಾತೆ ನೋಡಿಕೊಂಡಿದ್ದ ಎಂಗ್ ಎಂಗ್ ಹೆನ್ ವೃತ್ತಿಯಿಂದ ಶಸ್ತ್ರಚಿಕಿತ್ಸಕ.

ಯುದ್ಧ ಕಾಣದ ಜನರಲ್‌ಗಳು, ಪುಸ್ತಕದ ಸೇನಾನಿಗಳು ಎಂಬ ಮಾತು ಅಲ್ಲಿ ಕೇಳಿಬರುತ್ತಲೇ ಇರುತ್ತದೆ. ಯುದ್ಧ ಕಾಣದಿರಲಿ ಎಂದೇ ಈ ಸೇನೆ ಇರುವುದು ಎಂಬ ಉತ್ತರವೂ ಅಷ್ಟೇ ಹಳೆಯದು. ಈಚೆಗೆ ನಾಯಕತ್ವದ ಬಾಗಿಲು ಸ್ವಲ್ಪ ಅಗಲವಾಗಿದೆ. 2015ರಲ್ಲಿ ಗಾನ್ ಸ್ಯೋ ಹುವಾಂಗ್ ದೇಶದ ಮೊದಲ ಮಹಿಳಾ ಜನರಲ್ ಆದರು. 2023ರ ಮಾರ್ಚ್‌ನಲ್ಲಿ ಸೇನಾ ಮುಖ್ಯಸ್ಥರಾದ ಏರನ್ ಬೆಂಗ್ ನೌಕಾಪಡೆಯಿಂದ ಬಂದವರು. ಆವರೆಗೆ ಆ ಹುದ್ದೆ ಭೂಸೇನೆ, ವಾಯುಸೇನೆಯವರ ಪಾಲಾಗಿತ್ತು. 2022ರ ಅಕ್ಟೋಬರ್‌ನಲ್ಲಿ ಡಿಜಿಟಲ್ ಮತ್ತು ಗುಪ್ತಚರ ಸೇವೆ ಎಂಬ ನಾಲ್ಕನೇ ಪಡೆಯೇ ಹುಟ್ಟಿತು. ಕೋಡಿಂಗ್‌ನಲ್ಲಿ ಜಾಣರಾದ ನಮ್ಮ ಹುಡುಗರಿಗೆ ರೈಫಲ್ ಬದಲು ಕೀಬೋರ್ಡ್ ಹಿಡಿದು ಸೇವೆ ಮುಗಿಸುವ ದಾರಿಯೂ ತೆರೆದಿದೆ.

ಇನ್ನೊಂದು ವಿಶೇಷ: ಸಿಂಗಪುರದ ಸೇನೆ ತರಬೇತಿಗೆ ಭಾರತಕ್ಕೂ ಬರುತ್ತದೆ. ಉತ್ತರ ಪ್ರದೇಶದ ಬಬೀನಾ, ಮಹಾರಾಷ್ಟ್ರದ ದೇವಲಾಲಿ, ಪಶ್ಚಿಮ ಬಂಗಾಳದ ಕಲೈಕುಂಡ ವಾಯುನೆಲೆಯಲ್ಲಿ ಎರಡೂ ದೇಶಗಳ ಜಂಟಿ ತರಬೇತಿ ನಡೆದಿದೆ. ನೌಕಾಪಡೆಗಳ ಸಿಂಬೆಕ್ಸ್ ಕವಾಯತು 1994ರಿಂದ ಇದೆ. 1965ರಲ್ಲಿ ಕೇಳಿ ಸಿಗದ ನೆರವು ಬೇರೆ ರೂಪದಲ್ಲಿ ಕೂಡಿಬಂದಿದೆ.

ಮನೆಯವರು ಕೂತು ಹಾಕಬೇಕಾದ ಲೆಕ್ಕ

ಪಿಆರ್ ಅರ್ಜಿಯಲ್ಲಿ ಮಗನ ಹೆಸರು ಸೇರಿಸುವುದೋ ಬೇಡವೋ ಎಂಬುದೇ ಮೊದಲ ಪ್ರಶ್ನೆ. ಸೇರಿಸದಿದ್ದರೆ ಅವನು 21ರವರೆಗೆ ಅವಲಂಬಿತರ ಪಾಸ್‌ನಲ್ಲಿ ಇರಬಹುದು, ಸೇವೆಯ ಹೊಣೆ ಇಲ್ಲ. ಆದರೆ ಆಮೇಲೆ ಸ್ವಂತ ವೀಸಾ ಬೇಕು. ಸೇರಿಸಿದರೆ ಶಾಲೆಯ ಸೀಟು, ಶುಲ್ಕ, ಮುಂದಿನ ನೆಲೆ ಎಲ್ಲದರಲ್ಲೂ ಅನುಕೂಲ, ಜತೆಗೆ ಎರಡು ವರ್ಷದ ಸೇವೆ.

ಪಿಆರ್ ಅನುಕೂಲ ಎಲ್ಲ ಅನುಭವಿಸಿ, ಹದಿನೆಂಟು ಬಂದಾಗ ಬಿಟ್ಟುಕೊಟ್ಟರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ. ಸೇವೆ ಮಾಡದೆ ಪಿಆರ್ ಬಿಟ್ಟವರು ಮುಂದೆ ಸಿಂಗಪುರದಲ್ಲಿ ಓದಲು ಅಥವಾ ಕೆಲಸಕ್ಕೆ ಅರ್ಜಿ ಹಾಕಿದರೆ ಅದು ಅವರ ವಿರುದ್ಧ ಎಣಿಕೆಯಾಗುತ್ತದೆ. ಅಪ್ಪ ಅಮ್ಮನ ಮರುಪ್ರವೇಶ ಪರವಾನಗಿಯ ನವೀಕರಣಕ್ಕೂ ತೊಡಕಾಗಬಹುದು. ಪಿಆರ್ ಇಟ್ಟುಕೊಂಡೇ ಸೇವೆ ತಪ್ಪಿಸಿದರೆ ಅದು ಅಪರಾಧ: 10,000 ಸಿಂಗಪುರ ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ.

ಮಗನನ್ನು ಊರಿಗೆ ಕಳಿಸಿ ಅಜ್ಜನ ಮನೆಯಲ್ಲಿಟ್ಟು ಪಿಯುಸಿ ಓದಿಸುತ್ತೇವೆ ಎನ್ನುವವರು ಗಮನಿಸಬೇಕು. 13 ವರ್ಷ ದಾಟಿದ, ಸೇವೆಯ ಹೊಣೆ ಇರುವ ಹುಡುಗ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದೇಶದ ಹೊರಗೆ ಇರಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ವಯಸ್ಸು, ಅವಧಿ ನೋಡಿ ಬಾಂಡ್ ಕೇಳುತ್ತಾರೆ. ಅದು 75,000 ಸಿಂಗಪುರ ಡಾಲರ್ ಅಥವಾ ಅಪ್ಪ ಅಮ್ಮನ ಒಟ್ಟು ವಾರ್ಷಿಕ ಆದಾಯದ ಅರ್ಧ, ಯಾವುದು ಹೆಚ್ಚೋ ಅದು. ಬೇಸಿಗೆ ರಜೆಗೆ ಒಂದು ತಿಂಗಳು ಬಂದು ಹೋಗಲು ಇದರ ಗೊಡವೆ ಇಲ್ಲ.

ಓದಿನ ವಿಷಯದಲ್ಲಿ, ಎ ಲೆವೆಲ್ ಅಥವಾ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಯುವವರೆಗೆ ಮುಂದೂಡಿಕೆ ಸಿಗುತ್ತದೆ. ವಿಶ್ವವಿದ್ಯಾಲಯದ ಓದಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳು ಸೇವೆ ಮುಗಿಸಿ ಬರುವ ಹುಡುಗನಿಗೆ ಸೀಟು ಕಾದಿರಿಸುತ್ತವೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹಾಗೆ ಕಾಯುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಯೋಜನೆ ಹಾಕಬೇಕು.

ಸೇವೆಯಲ್ಲಿರುವವರಿಗೆ ಸಿಗುವುದು ಸಂಬಳವಲ್ಲ, ಭತ್ಯೆ. ಅದು ಈಚೆಗೆ ಎರಡು ಬಾರಿ ಏರಿದೆ. 2023ರ ಜುಲೈಯಲ್ಲಿ ದರ್ಜೆಗೆ ತಕ್ಕಂತೆ ತಿಂಗಳಿಗೆ 125ರಿಂದ 200 ಡಾಲರ್, 2025ರ ಜುಲೈಯಲ್ಲಿ ಮತ್ತೆ 35ರಿಂದ 75 ಡಾಲರ್ ಹೆಚ್ಚಳ. ಹೊಸದಾಗಿ ಸೇರಿದವನಿಗೆ ಈಗ ತಿಂಗಳಿಗೆ 790 ಡಾಲರ್. ಕೈಖರ್ಚಿಗೆ ಸಾಕು, ಮನೆ ನಡೆಸಲು ಅಲ್ಲ.

ಎರಡು ವರ್ಷ ಮುಗಿದ ಮೇಲೂ ಹತ್ತು ವರ್ಷದ ಮೀಸಲು ಸೇವೆ ಇರುತ್ತದೆ. ವರ್ಷಕ್ಕೆ 40 ದಿನದವರೆಗೆ ಕರೆಯಬಹುದು. ಕಂಪನಿ ರಜೆ ಕೊಡಲೇಬೇಕು, ಸಂಬಳದ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ.

ಹೋಗುವ ಮುನ್ನ

ಮಗನಿಗೆ ಬಾಲ್ಯದಲ್ಲಿ ಉಬ್ಬಸ, ಅಲರ್ಜಿ, ಮೂರ್ಛೆ, ಹೃದಯದ ತೊಂದರೆ ಏನಿದ್ದರೂ ತಪಾಸಣೆಯ ದಿನವೇ ಹೇಳಿ. ಊರಿನಲ್ಲಿ ಮಾಡಿಸಿದ ಚಿಕಿತ್ಸೆಯ ಕಾಗದಗಳನ್ನು ಹುಡುಕಿ ತರಿಸಿಕೊಳ್ಳಿ. ‘ಹೇಳಿದರೆ ಕೆಳ ದರ್ಜೆ ಸಿಗುತ್ತದೆ, ಅವಮಾನ’ ಎಂದು ಮುಚ್ಚಿಡುವ ಮನೆಗಳಿವೆ. ದರ್ಜೆ ಹೋದರೆ ಹೋಗಲಿ, ಹುಡುಗ ಉಳಿಯಬೇಕು. ಮನಸ್ಸಿನ ಕಾಯಿಲೆಗೂ ಇದೇ ಮಾತು. ಶಿಬಿರಗಳಲ್ಲಿ ಆಪ್ತಸಮಾಲೋಚಕರಿದ್ದಾರೆ, ಅವರ ಬಳಿ ಹೋಗಲು ಹಿಂಜರಿಯಬಾರದು ಎಂದು ಹುಡುಗನಿಗೆ ಮೊದಲೇ ಹೇಳಿ ಕಳಿಸಿ.

ಅಪ್ಪ ಅಮ್ಮಂದಿರಿಗೂ ಒಂದು ದಾರಿ ಇದೆ. 2015ರಲ್ಲಿ ಮೊದಲ ತಂಡಕ್ಕೆ ತರಬೇತಿ ಶುರುಮಾಡಿದ ಸ್ವಯಂಸೇವಾ ದಳಕ್ಕೆ ಮಹಿಳೆಯರು, ಮೊದಲ ತಲೆಮಾರಿನ ಪಿಆರ್‌ಗಳು, ಹೊಸ ನಾಗರಿಕರು ಸೇರಬಹುದು. ಮಗ ಅನುಭವಿಸುವುದರ ಒಂದು ತುಣುಕನ್ನು ತಾವೂ ನೋಡಬೇಕೆನ್ನುವವರಿಗೆ ಅದು ಅವಕಾಶ.

ಎಲ್ಲಕ್ಕಿಂತ ಮೇಲೆ, ಈ ಮಾತುಕತೆಯಲ್ಲಿ ಹುಡುಗನೂ ಇರಲಿ. ಪಿಆರ್ ಅರ್ಜಿಗೆ ಸಹಿ ಬೀಳುವಾಗ ಅವನಿಗೆ ಐದೋ ಆರೋ ವರ್ಷ. ಅದರ ಬಾಕಿ ತೀರಿಸುವುದು ಹದಿನೆಂಟರಲ್ಲಿ, ಅವನೇ. ಅವನ ವಯಸ್ಸಿನ ಸೋದರತ್ತೆಯ ಮಗ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನಲ್ಲಿರುವಾಗ ಅವನು ಕಾಡಿನಲ್ಲಿ ಮಳೆ ನೆನೆಯುತ್ತಿರುತ್ತಾನೆ. ಕೆಲವರಿಗೆ ಆ ಎರಡು ವರ್ಷ ಕಳೆದುಹೋದ ಕಾಲ. ಕೆಲವರಿಗೆ ಚೀನೀ, ಮಲಯ್, ತಮಿಳು ಮನೆಗಳ ಹುಡುಗರ ಜತೆ ಒಂದೇ ಕೋಣೆಯಲ್ಲಿ ಮಲಗಿ, ಆ ದೇಶವನ್ನು ತನ್ನದೆಂದು ಮೊದಲ ಬಾರಿಗೆ ಅಂದುಕೊಂಡ ಕಾಲ. ಯಾವುದು ಎಂಬುದನ್ನು ಅಪ್ಪ ಅಮ್ಮ ಮುಂಚಿತವಾಗಿ ತೀರ್ಮಾನಿಸಲಾಗದು. ಗೊತ್ತಿದ್ದೂ ಗೊತ್ತಿಲ್ಲದಂತೆ ಅವನನ್ನು ಆ ದೋಣಿ ಹತ್ತಿಸದಿರುವುದು ಮಾತ್ರ ಅವರ ಕೈಯಲ್ಲಿದೆ. ಹದಿಮೂರು ತುಂಬುವ ಮೊದಲೇ ಕೂರಿಸಿಕೊಂಡು ಎಲ್ಲ ಹೇಳಿ, ಅವನ ಮಾತನ್ನೂ ಕೇಳಿ.